ಬೆಲ್ಜಿಯಂಗೆ ಹೊರಟಿದ್ದೀರಾ? ಊರಿನ ಹೆಸರು ನಂಬಬೇಡಿ, ಪಿನ್ ಕೋಡ್ ನೋಡಿ

ಹೋಟೆಲಿನ ವಿಳಾಸವಿದ್ದ ಹಾಳೆಯನ್ನು ಟ್ಯಾಕ್ಸಿ ಚಾಲಕ ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅವನಿಗೆ ನಗು ತಡೆಯಲಾಗಲಿಲ್ಲ. 'ಇದು ಈ ಊರಲ್ಲ ಮೇಡಂ' ಎಂದು ಇಂಗ್ಲಿಷಿನಲ್ಲಿ ಹೇಳಿ ದಕ್ಷಿಣದ ಕಡೆಗೆ ಕೈ ತೋರಿಸಿದ.

ಕಳೆದ ಮೇ ತಿಂಗಳ ಒಂದು ಶುಕ್ರವಾರ ಸಂಜೆ, ಬೆಲ್ಜಿಯಂನ ಲ್ಯೂವೆನ್ ರೈಲು ನಿಲ್ದಾಣದ ಮುಂದೆ ನಾವು ಮೂವರು ನಿಂತಿದ್ದೆವು. ನಾನು, ನಮ್ಮ ಯಜಮಾನರು, ಎಪ್ಪತ್ತನಾಲ್ಕು ವರ್ಷದ ನಮ್ಮತ್ತೆ. ಜೊತೆಗೆ ನಾಲ್ಕು ಸೂಟ್‌ಕೇಸ್, ಅದರಲ್ಲಿ ಒಂದರ ತುಂಬ ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು. ನನ್ನ ತಂಗಿಯ ಮಗ ಲ್ಯೂವೆನ್‌ನಲ್ಲಿ ಓದುತ್ತಿದ್ದಾನೆ. ಅವನು ಪ್ರಯೋಗಾಲಯದಿಂದ ಹೊರಬರುವುದು ಎಂಟು ಗಂಟೆಗೆ. 'ನೀನು ಕೆಲಸ ಮುಗಿಸಿಕೊಂಡು ಬಾ, ನಾವು ಹೋಟೆಲಿಗೆ ಹೋಗಿರುತ್ತೇವೆ, ನಿನ್ನ ಊರಿನಲ್ಲೇ ತಾನೇ' ಎಂದು ನಾನೇ ಹೇಳಿದ್ದೆ. ಬುಕಿಂಗ್ ಹಾಳೆಯನ್ನು ಅವನಿಗೆ ಒಮ್ಮೆ ಕಳುಹಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಮ್ಮ ಹೋಟೆಲ್ ಇದ್ದದ್ದು ಲೂವಾಂ-ಲಾ-ನವ್ ಎಂಬ ಊರಿನಲ್ಲಿ. ಬೆಂಗಳೂರಿನ ಟ್ರಾವೆಲ್ ಏಜೆಂಟ್ ಕಳುಹಿಸಿದ ಪಟ್ಟಿಯಲ್ಲಿ 'ಲೂವಾಂ, ಆರು ರಾತ್ರಿ' ಎಂದಷ್ಟೇ ಇತ್ತು. ನಾನು ಕಣ್ಣುಮುಚ್ಚಿ ಒಪ್ಪಿಕೊಂಡವಳಲ್ಲ, ಹುಡುಕಿ ನೋಡಿದ್ದೆ. ಲ್ಯೂವೆನ್‌ಗೆ ಫ್ರೆಂಚ್ ಭಾಷೆಯಲ್ಲಿ ಲೂವಾಂ ಎನ್ನುತ್ತಾರೆ ಎಂದು ಎಲ್ಲ ಕಡೆಯೂ ಬರೆದಿತ್ತು. ಅದು ಸುಳ್ಳೂ ಅಲ್ಲ. ಬೆಳಗಾವಿ, ಬೆಳಗಾಂವ್ ಎಂದ ಹಾಗೆ ಒಂದೇ ಊರಿಗೆ ಎರಡು ಹೆಸರು ಎಂದುಕೊಂಡು ಸುಮ್ಮನಾದೆ. ಏಜೆಂಟ್ ಬೇರೆ ಧೈರ್ಯ ಹೇಳಿದ್ದ: 'ಚಿಕ್ಕ ದೇಶ ಮೇಡಂ, ಎಲ್ಲಿ ಉಳಿದುಕೊಂಡರೂ ಒಂದೇ.' ದೇಶ ಚಿಕ್ಕದು ನಿಜ, ಮೂವತ್ತು ಸಾವಿರ ಚದರ ಕಿಲೋಮೀಟರ್ ಚಿಲ್ಲರೆ, ಕರ್ನಾಟಕದ ಆರನೇ ಒಂದು ಪಾಲು. ಆದರೆ ಆ ಆರನೇ ಒಂದು ಪಾಲಿನಲ್ಲಿ ಮೂರು ಅಧಿಕೃತ ಭಾಷೆಗಳಿವೆ. ಉತ್ತರದ ಫ್ಲಾಂಡರ್ಸ್‌ನಲ್ಲಿ ಡಚ್, ದಕ್ಷಿಣದ ವಲೋನಿಯಾದಲ್ಲಿ ಫ್ರೆಂಚ್, ಪೂರ್ವದ ಅಂಚಿನಲ್ಲಿ ಜರ್ಮನ್. ನಡುವೆ ಎರಡು ಭಾಷೆಯ ಬ್ರಸೆಲ್ಸ್.

ಈ ಎರಡು ಲೂವಾಂಗಳ ಕತೆ ಕೇಳಿದರೆ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲ್ಯೂವೆನ್‌ನ ವಿಶ್ವವಿದ್ಯಾಲಯ 1425ರಷ್ಟು ಹಳೆಯದು. ಊರು ಡಚ್ ಮಾತನಾಡುವವರದು, ಆದರೆ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ಇತ್ತು. 1960ರ ದಶಕದಲ್ಲಿ ಭಾಷಾಗಡಿಯನ್ನು ಕಾನೂನಿನಲ್ಲಿ ಗೆರೆ ಎಳೆದು ಗುರುತಿಸಿದ ಮೇಲೆ ಫ್ರೆಂಚ್ ವಿಭಾಗ ಇಲ್ಲಿಂದ ಹೊರಡಲಿ ಎಂದು ಚಳವಳಿ ಎದ್ದಿತು. 1968ರಲ್ಲಿ ಆ ಜಗಳಕ್ಕೆ ಸರ್ಕಾರವೇ ಬಿತ್ತು. ವಿಶ್ವವಿದ್ಯಾಲಯ ಎರಡು ಹೋಳಾಯಿತು. ಗ್ರಂಥಾಲಯದ ಪುಸ್ತಕಗಳನ್ನು ಕಪಾಟಿನ ಸಂಖ್ಯೆ ನೋಡಿ ಸರಿಸಂಖ್ಯೆ ಒಬ್ಬರಿಗೆ, ಬೆಸಸಂಖ್ಯೆ ಇನ್ನೊಬ್ಬರಿಗೆ ಎಂದು ಹಂಚಿದರು. ಅಣ್ಣತಮ್ಮಂದಿರು ಪಾಲಾಗುವಾಗ ಪಾತ್ರೆ ಹಂಚಿಕೊಳ್ಳುವಂತೆ! ಫ್ರೆಂಚ್ ಪಾಲಿನವರು ಭಾಷಾಗಡಿಯ ಆಚೆಗೆ ಹೊಲಗಳ ನಡುವೆ 1971ರಿಂದ ಹೊಸ ಊರನ್ನೇ ಕಟ್ಟಲು ಶುರುಮಾಡಿದರು. ಅದೇ ಲೂವಾಂ-ಲಾ-ನವ್, ಎಂದರೆ ಹೊಸ ಲೂವಾಂ. ಎರಡರ ನಡುವೆ ಸುಮಾರು 25 ಕಿಲೋಮೀಟರ್ ದೂರ ಮತ್ತು ಒಂದು ಭಾಷಾಗಡಿ.

ಟ್ಯಾಕ್ಸಿಯ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು, ರೈಲನ್ನೇ ಹಿಡಿದೆವು. ಒಟಿನ್ಯಿ ಎಂಬಲ್ಲಿ ಇಳಿದು ರೈಲು ಬದಲಿಸಬೇಕು. ಹೊರಟಾಗ ಮುಂದಿನ ನಿಲ್ದಾಣದ ಹೆಸರನ್ನು ಡಚ್‌ನಲ್ಲಿ ಕೂಗುತ್ತಿದ್ದರು. ಯಾವ ಹೊಲದ ಬದುವಿನಲ್ಲಿ ಭಾಷೆ ಬದಲಾಯಿತೋ ತಿಳಿಯಲಿಲ್ಲ, ಕಣ್ಣು ಬಿಟ್ಟಾಗ ಎಲ್ಲವೂ ಫ್ರೆಂಚ್. ಎರಡನ್ನೂ ಒಟ್ಟಿಗೆ ಹೇಳುವುದು ಬ್ರಸೆಲ್ಸ್‌ನಲ್ಲಿ ಮಾತ್ರವಂತೆ. ಲೂವಾಂ-ಲಾ-ನವ್‌ನಲ್ಲಿ ನಾವು ಇಳಿಯುವಾಗ ವಿದ್ಯಾರ್ಥಿಗಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ಎದುರಿನಿಂದ ಹತ್ತುತ್ತಿದ್ದರು. ಬೆಲ್ಜಿಯಂನ ವಿದ್ಯಾರ್ಥಿಗಳು ಶುಕ್ರವಾರ ಬಂತೆಂದರೆ ತಮ್ಮ ಮನೆಗೆ ಹೊರಡುತ್ತಾರೆ, ವಿದ್ಯಾರ್ಥಿಗಳಿಗಾಗಿಯೇ ಕಟ್ಟಿದ ಊರು ಭಾನುವಾರದವರೆಗೆ ಬಿಕೋ ಎನ್ನುತ್ತದೆ. ನಿಲ್ದಾಣ ಇರುವುದು ನೆಲದಡಿಯಲ್ಲಿ. ಮೇಲೆ ಬಂದರೆ ವಾಹನಗಳೇ ಇಲ್ಲದ ಪೇಟೆ, ಕಾರುಗಳೆಲ್ಲ ಕೆಳಗಿನ ಅಂತಸ್ತಿನಲ್ಲಿ ಓಡಾಡುತ್ತವೆ. ಓದುವುದಕ್ಕೆ ಚೆಂದ. ಮಂಡಿನೋವಿನ ಅತ್ತೆಯನ್ನೂ ನಾಲ್ಕು ಸೂಟ್‌ಕೇಸನ್ನೂ ಕಲ್ಲುಹಾಸಿನ ಮೇಲೆ ನಡೆಸಿಕೊಂಡು ಹೋಗುವುದು ಬೇರೆ ಮಾತು.

ಹೋಟೆಲಿನಲ್ಲಿ ಯಾರೂ ಇರಲಿಲ್ಲ. ಬಾಗಿಲಿನ ಪಕ್ಕ ಬೀಗದ ಕೈ ಇಡುವ ಒಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ಸಂಖ್ಯೆ. ಆ ಸಂಖ್ಯೆ ಏಜೆಂಟನ ಇ-ಮೇಲಿಗೆ ಬಂದು ಅಲ್ಲೇ ಕುಳಿತಿತ್ತು. ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ, ಬೆಂಗಳೂರಿನಲ್ಲಿ ಎರಡು ಗಂಟೆ. ಅವನು ಫೋನ್ ಎತ್ತುವ ಹೊತ್ತಿಗೆ ನಮ್ಮಲ್ಲಿ ಹನ್ನೆರಡು ದಾಟಿತ್ತು. ಅಲ್ಲಿಯವರೆಗೆ ಅತ್ತೆ ಸೂಟ್‌ಕೇಸಿನ ಮೇಲೆ ಕುಳಿತು, ಶಾಲು ಹೊದ್ದು, ಒಂದು ಮಾತೂ ಆಡದೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಎರಡು ರಾತ್ರಿ ಅಲ್ಲಿ ಕಳೆದು ಲ್ಯೂವೆನ್‌ಗೆ ಬಂದೆವು. ಉಳಿದ ನಾಲ್ಕು ರಾತ್ರಿಯ ಹಣ ಹೋಯಿತು, ಏಕೆಂದರೆ ಬುಕಿಂಗ್ ರದ್ದುಮಾಡಲಾಗದ ಬಗೆಯದು. 'ವೀಸಾ ಅರ್ಜಿಗೆ ಇಂಥ ಬುಕಿಂಗ್ ಇದ್ದರೆ ಗಟ್ಟಿ' ಎಂದು ಏಜೆಂಟ್ ಹೇಳಿದ್ದ. ಇದನ್ನು ದಯವಿಟ್ಟು ನಂಬಬೇಡಿ. ಷೆಂಗೆನ್ ವೀಸಾಕ್ಕೆ (ಬೆಲ್ಜಿಯಂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕಾದದ್ದು ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ಪುರಾವೆ. ರದ್ದುಮಾಡಬಹುದಾದ ಬುಕಿಂಗ್ ಆದರೂ ಅದು ಪುರಾವೆಯೇ. ವಯಸ್ಕರ ಅರ್ಜಿಗೆ 2024ರ ಜೂನ್‌ನಿಂದ 90 ಯೂರೋ ಶುಲ್ಕವಿದೆ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅದನ್ನೆಲ್ಲ ಕಟ್ಟಿದ ಮೇಲೆ ಹೋಟೆಲಿನ ಹಣವನ್ನೂ ಕಳೆದುಕೊಳ್ಳುವ ಅಗತ್ಯವೇನಿಲ್ಲ. ಊರಿಗೆ ಮರಳಿ ಏಜೆಂಟನನ್ನು ಕೇಳಿದಾಗ ಅವನ ಉತ್ತರ ಇಷ್ಟೇ: 'ಬುಕಿಂಗ್ ಹಾಳೆಯಲ್ಲಿ ಪೂರ್ತಿ ವಿಳಾಸ ಇತ್ತಲ್ಲ ಮೇಡಂ?' ಇತ್ತು. ಎರಡನೆಯ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, 1348 ಎಂಬ ಸಂಖ್ಯೆಯ ಸಮೇತ.

ಆ ಸಂಖ್ಯೆಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಬೆಲ್ಜಿಯಂನ ಪಿನ್ ಕೋಡ್ ನಾಲ್ಕು ಅಂಕಿಯದು. ಲ್ಯೂವೆನ್ 3000, ಲೂವಾಂ-ಲಾ-ನವ್ 1348. ಹೆಸರು ಮೂರು ಭಾಷೆಯಲ್ಲಿ ಮೂರು ವೇಷ ಹಾಕುತ್ತದೆ, ಸಂಖ್ಯೆ ಹಾಕುವುದಿಲ್ಲ. ಫ್ಲಾಂಡರ್ಸ್‌ನ ಸಿಂಟ್-ನಿಕ್ಲಾಸ್‌ಗೆ ಫ್ರೆಂಚ್‌ನಲ್ಲಿ ಸ್ಯಾಂ-ನಿಕೋಲಾ ಎನ್ನುತ್ತಾರೆ, ಪಿನ್ ಕೋಡ್ 9100. ಸ್ಯಾಂ-ನಿಕೋಲಾ ಎಂಬುದೇ ಹೆಸರಾದ ಇನ್ನೊಂದು ಊರು ದೇಶದ ಪೂರ್ವಕ್ಕೆ, ಲಿಯೇಜ್ ನಗರದ ಪಕ್ಕದಲ್ಲಿದೆ, ಅದರದು 4420. ಈ ಲಿಯೇಜ್ ಡಚ್‌ನಲ್ಲಿ ಲಾಯ್ಕ್, ಜರ್ಮನ್‌ನಲ್ಲಿ ಲ್ಯುಟಿಷ್. ಟೂರ್ನೆ ಎಂಬುದು ಡೋರ್ನಿಕ್. ಮೋನ್ಸ್ ಎಂಬ ಊರು ಡಚ್ ಫಲಕದಲ್ಲಿ ಬೆರ್ಗನ್ ಆಗುತ್ತದೆ, ಎರಡರ ಅರ್ಥವೂ ಬೆಟ್ಟ. ಹೆಸರನ್ನೂ ಅನುವಾದ ಮಾಡಿಬಿಡುತ್ತಾರೆ! ಗಡಿಯಾಚೆಯ ಫ್ರಾನ್ಸಿನ ಲೀಲ್ ನಗರವನ್ನೂ ಬಿಟ್ಟಿಲ್ಲ, ಫ್ಲಾಂಡರ್ಸ್‌ನ ಹೆದ್ದಾರಿ ಫಲಕದಲ್ಲಿ ಅದು ರೈಸೆಲ್. ಬಾಡಿಗೆ ಕಾರಿನಲ್ಲಿ ಹೊರಡುವವರು ಎರಡೂ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಗ್ಗದ ವಿಮಾನದವರಿಗೂ ಒಂದು ಮಾತು: ಬ್ರಸೆಲ್ಸ್ ಹೆಸರಿನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಜಾವೆಂಟೆಮ್‌ನದು ನಗರಕ್ಕೆ ಅಂಟಿಕೊಂಡಿದೆ. 'ಬ್ರಸೆಲ್ಸ್ ಸೌತ್' ಎಂದು ಬರೆದಿದ್ದರೆ ಅದು ಶಾರ್ಲರ್ವಾ, ಸುಮಾರು ಐವತ್ತು ಕಿಲೋಮೀಟರ್ ದೂರ.

ಇಷ್ಟು ಪೆಟ್ಟು ತಿಂದ ಮೇಲೆ ಎಚ್ಚರಾಗಬೇಕಿತ್ತು. ಆಗಲಿಲ್ಲ. ಭಾನುವಾರ ಬೆಳಿಗ್ಗೆ ಪ್ಯಾರಿಸ್‌ಗೆ ಹೋಗಿ ಸಂಜೆ ಮರಳುವ ಯೋಜನೆಯಿತ್ತು. ವೇಗದ ರೈಲಿನ ಟಿಕೆಟ್ಟಿನಲ್ಲಿ 'ಬ್ರಸೆಲ್ಸ್-ಮಿದಿ' ಎಂದಿತ್ತು. ಮಿದಿ ಎಂದರೆ ಮಧ್ಯ, ಮಧ್ಯ ಎಂದರೆ ಸೆಂಟ್ರಲ್. ಹೀಗೆ ಲೆಕ್ಕ ಹಾಕಿ ಸೆಂಟ್ರಲ್ ನಿಲ್ದಾಣದಲ್ಲಿ ಎಲ್ಲರನ್ನೂ ಇಳಿಸಿದವಳು ನಾನೇ. ಫಲಕದಲ್ಲಿ ನಮ್ಮ ರೈಲಿಗಾಗಿ ಇಪ್ಪತ್ತೈದು ನಿಮಿಷ ಹುಡುಕಿದೆವು. ಮಿದಿ ಇರುವುದು ಅಲ್ಲಿಂದ ಮುಂದಿನ ದೊಡ್ಡ ನಿಲ್ದಾಣ, ನಾವು ಇಳಿದ ರೈಲು ಅಲ್ಲಿಗೇ ಹೋಗುತ್ತಿತ್ತು, ಐದು ನಿಮಿಷ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಫ್ರೆಂಚ್‌ನಲ್ಲಿ ಮಿದಿ ಎಂದರೆ ಮಧ್ಯಾಹ್ನ, ಹಾಗೆಯೇ ದಕ್ಷಿಣ ದಿಕ್ಕು. ಅದೇ ನಿಲ್ದಾಣದ ಡಚ್ ಹೆಸರಿನಲ್ಲಿ ದಕ್ಷಿಣ ಎಂದು ನೇರವಾಗಿಯೇ ಇದೆ. ಅಷ್ಟು ಉತ್ತರದ ದೇಶದಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ಆದ್ದರಿಂದ ಎರಡಕ್ಕೂ ಒಂದೇ ಪದ. ಶಿವಮೊಗ್ಗದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು ನಾನು. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ ಎಂದು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ! ಯಜಮಾನರು ಅದನ್ನು ಈಗಲೂ ನೆನಪಿಸುತ್ತಾರೆ.

ಮೂವರ ಟಿಕೆಟ್ಟೂ ವ್ಯರ್ಥ. ಆದರೆ ಆ ದಿನದ ಒಂದು ಸಂಗತಿಗೆ ನಾನು ಋಣಿ. ಮಿದಿ ನಿಲ್ದಾಣದ ಸುತ್ತ ಭಾನುವಾರ ಬೆಳಿಗ್ಗೆ ದೊಡ್ಡ ಸಂತೆ ಸೇರುತ್ತದೆ. ಪುದೀನದ ಕಟ್ಟು, ರಾಶಿ ರಾಶಿ ಆಲಿವ್, ಅರಬ್ಬಿಯಲ್ಲಿ ಕೂಗುವ ವ್ಯಾಪಾರಿಗಳು. ಮೊರಾಕೊದ ಹೆಂಗಸೊಬ್ಬಳು ಕಾವಲಿಯ ಮೇಲೆ ಪದರಪದರವಾದ ರೊಟ್ಟಿ ಬೇಯಿಸಿ, ಜೇನು ಸುರಿದು ಕೊಡುತ್ತಿದ್ದಳು. ಅತ್ತೆ ಅವಳ ಮಡಿಸುವ ಕೈಯನ್ನೇ ನೋಡುತ್ತ ನಿಂತರು, ಆಮೇಲೆ ಎರಡು ತಿಂದರು. ಮಾತು ಬಾರದಿದ್ದರೂ ಇಬ್ಬರೂ ಹಿಟ್ಟಿನ ಹದದ ಬಗ್ಗೆ ಏನೋ ಮಾತನಾಡಿಕೊಂಡರು. ಪ್ಯಾರಿಸ್ ತಪ್ಪಿದ್ದಕ್ಕೆ ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಜೇಬು ಮಾತ್ರ ಜೋಪಾನ, ಆ ನಿಲ್ದಾಣದಲ್ಲಿ ಕಳ್ಳರ ಕೈಚಳಕಕ್ಕೆ ಹೆಸರಿದೆ.

ಭಾಷೆಯ ವಿಷಯದಲ್ಲಿ ಇನ್ನೊಂದು. ಫ್ಲಾಂಡರ್ಸ್‌ನ ಅಂಗಡಿಗೆ ಹೋಗಿ ಕಲಿತ ನಾಲ್ಕು ಫ್ರೆಂಚ್ ಮಾತು ಉದುರಿಸಬೇಡಿ, ಇಂಗ್ಲಿಷೇ ವಾಸಿ. ನಾನು ಲೂವಾಂ-ಲಾ-ನವ್‌ನಲ್ಲಿ ಡಚ್‌ನಲ್ಲಿ ಧನ್ಯವಾದ ಹೇಳಿ ಎಂಥ ಮುಖ ನೋಡಿದೆನೆಂದು ಹೇಳುವುದಿಲ್ಲ.

ಕೊನೆಯದಾಗಿ ಊಟ. ಸಸ್ಯಾಹಾರಿಗಳು ಈ ಭಾಗವನ್ನು ನಿಧಾನವಾಗಿ ಓದಿ. ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ. ತಂದ ಅವಲಕ್ಕಿ ಬೆಳಗಿನ ತಿಂಡಿಗೆ ಆಗುತ್ತಿತ್ತು. ಹೊರಗೆ ಓಡಾಡುವಾಗ ಬೀದಿಬೀದಿಯಲ್ಲಿ ಸಿಗುವ, ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿಯಾಗಿ ಕೊಡುವ ಆಲೂಗಡ್ಡೆಯ ಫ್ರಿಟ್ಸ್ ಅವರಿಗೆ ಬಹಳ ಹಿಡಿಸಿತು. ಆಲೂಗಡ್ಡೆ, ಎಣ್ಣೆ, ಉಪ್ಪು, ಇದರಲ್ಲಿ ಕೇಳುವುದೇನಿದೆ? ನಾಲ್ಕು ದಿನ ತಿಂದರು. ಐದನೆಯ ದಿನ ತಂಗಿಯ ಮಗ ನನ್ನನ್ನು ಬದಿಗೆ ಕರೆದು, 'ದೊಡ್ಡಮ್ಮ, ಅಜ್ಜಿ ಇದನ್ನು ತಿನ್ನುತ್ತಿದ್ದಾರಾ?' ಎಂದ. ಬೆಲ್ಜಿಯಂನ ಸಾಂಪ್ರದಾಯಿಕ ಫ್ರಿಟ್ಸ್ ಕರಿಯುವುದು ದನದ ಕೊಬ್ಬಿನಲ್ಲಿ, ಅದೂ ಎರಡು ಸಲ. ಸಸ್ಯಜನ್ಯ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಆದರೆ ಕೇಳಿಯೇ ತಿಳಿಯಬೇಕು. 'ವೆಜಿಟೇರಿಯನ್ ತಾನೇ?' ಎಂದರೆ ಒಳಗಿರುವುದು ಆಲೂಗಡ್ಡೆ ಎಂಬ ಲೆಕ್ಕದಲ್ಲಿ ಹೌದು ಎಂದುಬಿಡುತ್ತಾರೆ, ಅದರಲ್ಲಿ ಮೋಸವಿಲ್ಲ. ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿ. ಅಷ್ಟೂ ರೇಜಿಗೆ ಬೇಡವೆಂದರೆ ಆಂಟ್‌ವರ್ಪ್‌ಗೆ ಹೋಗಿ. ಅಲ್ಲಿನ ವಜ್ರದ ವ್ಯಾಪಾರದಲ್ಲಿ ಗುಜರಾತಿನ ಜೈನರು ಬಹಳ ಮಂದಿ ಇದ್ದಾರೆ. ರೈಲು ನಿಲ್ದಾಣದ ಪಕ್ಕದ ವಜ್ರದ ಪೇಟೆಯ ಆಸುಪಾಸಿನಲ್ಲಿ ನಮ್ಮ ಕಡೆಯ ಶುದ್ಧ ಸಸ್ಯಾಹಾರ ಸಿಗುತ್ತದೆ. ಉಳಿದ ಮೂರು ದಿನ ಏನೇನೋ ನೆಪ ಹೇಳಿ ಅತ್ತೆಯನ್ನು ಫ್ರಿಟ್ಸ್ ಅಂಗಡಿಗಳಿಂದ ದೂರ ಇಟ್ಟೆವು.

ಅವರಿಗೆ ನಾವು ಹೇಳಿಲ್ಲ. ಅವರು ಮೊಬೈಲಿನಲ್ಲಿ ಓದುವವರಲ್ಲವಾದ್ದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ಮನೆಗೆ ಯಾರಾದರೂ ಬಂದು ವಿದೇಶದ ಸುದ್ದಿ ಕೇಳಿದರೆ ಅತ್ತೆ ಲೂವಾಂ ಎನ್ನುವುದಿಲ್ಲ, ಮಿದಿ ಎನ್ನುವುದಿಲ್ಲ. 'ಆ ದೇಶದ ಆಲೂಗಡ್ಡೆಯ ರುಚಿಯೇ ಬೇರೆ ಕಣಮ್ಮ, ನಾವು ಎಷ್ಟು ಕರಿದರೂ ಆ ಘಮ ಬರುವುದಿಲ್ಲ' ಎನ್ನುತ್ತಾರೆ. ಆಗ ನಾನು ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ಯಜಮಾನರು ಹಾಲು ಉಕ್ಕುತ್ತಿದೆಯೇನೋ ನೋಡುತ್ತೇನೆ ಎಂದು ನನ್ನ ಹಿಂದೆಯೇ ಬರುತ್ತಾರೆ.