ಫಂಗಿಟೆಲ್ ಕಿಟ್: ಎಚ್‌ಐವಿ ಇರುವವರ ಒಣಕೆಮ್ಮಿನಲ್ಲಿ ರಕ್ತದ ಒಂದು ಸಂಖ್ಯೆಯನ್ನು ಎಷ್ಟು ನಂಬಬಹುದು

ಎಚ್‌ಐವಿ ಇರುವವರು, ರೋಗನಿರೋಧಕ ಕೋಶಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದೆ, ಎರಡು ಮೂರು ವಾರದಿಂದ ಒಣಕೆಮ್ಮು, ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು, ಎಕ್ಸ್‌ರೇಯಲ್ಲಿ ಎರಡೂ ಕಡೆ ಮಂಜು ಕವಿದ ಹಾಗೆ. ಇಂಥವರನ್ನು ಕಂಡಾಗ ಮೊದಲು ಬರುವ ಅನುಮಾನ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ, ವಾರ್ಡಿನವರ ಬಾಯಲ್ಲಿ ಪಿಸಿಪಿ. ಏಡ್ಸ್ ಎಂಬುದು ಲೋಕಕ್ಕೆ ಮೊದಲು ಕಾಣಿಸಿಕೊಂಡದ್ದೇ ಈ ಕಾಯಿಲೆಯ ರೂಪದಲ್ಲಿ. 1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರ ಬಗ್ಗೆ ಬಂದ ವರದಿ ಇದರದ್ದೇ.

ತೊಡಕು ಇರುವುದು ಖಚಿತಪಡಿಸುವುದರಲ್ಲಿ. ಕಫ ಪರೀಕ್ಷಿಸೋಣವೆಂದರೆ ಕಫವೇ ಬರುವುದಿಲ್ಲ. ಉಪ್ಪುನೀರಿನ ಹಬೆ ಕೊಟ್ಟು ಬರಿಸಬೇಕು, ಇಲ್ಲವೇ ಬ್ರಾಂಕೋಸ್ಕೋಪ್ ಇಳಿಸಿ ಶ್ವಾಸಕೋಶ ತೊಳೆದ ನೀರು ತೆಗೆಯಬೇಕು. ಆಮ್ಲಜನಕದ ಮಟ್ಟ ಕುಸಿದು ಮಲಗಿರುವವರಿಗೆ ಎರಡೂ ಹಿಂಸೆ, ಎರಡನೆಯದು ಅಪಾಯವೂ ಹೌದು. ಅದಕ್ಕೇ ತೋಳಿನಿಂದ ತೆಗೆದ ರಕ್ತದಲ್ಲೇ ಸುಳಿವು ಹುಡುಕುವ ಪರೀಕ್ಷೆಗೆ ಇಷ್ಟು ಬೆಲೆ. ಆ ಸಾಲಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಅಸೋಸಿಯೇಟ್ಸ್ ಆಫ್ ಕೇಪ್ ಕಾಡ್ ಕಂಪನಿಯ ಫಂಗಿಟೆಲ್ ಕಿಟ್.

ಇದು ಅಳೆಯುವುದು ಬೀಟಾ-ಡಿ-ಗ್ಲುಕಾನ್ ಎಂಬ ಸಕ್ಕರೆಯ ಸರಪಳಿಯನ್ನು. ಬಹುತೇಕ ಶಿಲೀಂಧ್ರಗಳ ಗೋಡೆಯಲ್ಲಿ ಅದು ಇರುತ್ತದೆ, ನ್ಯುಮೋಸಿಸ್ಟಿಸ್‌ನ ಸಿಸ್ಟ್ ಗೋಡೆಯಲ್ಲಂತೂ ಧಾರಾಳ. ಮನುಷ್ಯನ ಜೀವಕೋಶ ಅದನ್ನು ತಯಾರಿಸುವುದಿಲ್ಲ. ಹಿಡಿಯುವ ಬಲೆ ಬರುವುದು ಕುದುರೆಲಾಳದ ಏಡಿಯ ರಕ್ತದಿಂದ. ಅದರ ರಕ್ತಕೋಶಗಳಲ್ಲಿರುವ ಫ್ಯಾಕ್ಟರ್ ಜಿ ಎಂಬ ಅಂಶ ಗ್ಲುಕಾನ್ ತಾಗಿದ ಕೂಡಲೇ ಎಚ್ಚೆತ್ತು ಹೆಪ್ಪುಗಟ್ಟಿಸುವ ಕಿಣ್ವಗಳನ್ನು ಒಂದರ ಹಿಂದೊಂದು ಎಬ್ಬಿಸುತ್ತದೆ. ಕಿಟ್‌ನಲ್ಲಿ ಆ ಕಿಣ್ವ ಹೆಪ್ಪುಗಟ್ಟಿಸುವ ಬದಲು ಒಂದು ಬಣ್ಣದ ಅಣುವನ್ನು ಕತ್ತರಿಸಿ ಬಿಡುತ್ತದೆ, ದ್ರವ ಹಳದಿಗೆ ತಿರುಗುತ್ತದೆ. ಅದೇ ಏಡಿರಕ್ತ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್‌ಗೂ ಸ್ಪಂದಿಸುತ್ತದೆ, ಆದರೆ ಅದಕ್ಕೆ ಬೇಕಾದ ಫ್ಯಾಕ್ಟರ್ ಸಿ ಅನ್ನು ಈ ಕಿಟ್‌ನಿಂದ ತೆಗೆದಿರುತ್ತಾರೆ. ಹಾಗಾಗಿ ಹಳದಿ ಬಂತೆಂದರೆ ಗ್ಲುಕಾನ್ ಇದೆಯೆಂದೇ ಅರ್ಥ. ಅದು ಎಲ್ಲಿಂದ ಬಂತು ಎಂಬುದು ಬೇರೆ ಪ್ರಶ್ನೆ.

ಕೆಲಸದ ಕ್ರಮ ನೋಡಲು ಸರಳ. ಪ್ಲೇಟಿನ ಪ್ರತಿ ವೆಲ್‌ಗೆ, ಅಂದರೆ ಪುಟ್ಟ ಗುಳಿಗೆ, ಬೇಕಾದ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ) ಕೇವಲ 5 ಮೈಕ್ರೊಲೀಟರ್, ಪ್ರತಿ ಮಾದರಿಗೆ ಎರಡು ವೆಲ್. ಅದಕ್ಕೆ 20 ಮೈಕ್ರೊಲೀಟರ್ ಕ್ಷಾರದ ದ್ರಾವಣ ಸೇರಿಸಿ 37 ಡಿಗ್ರಿಯಲ್ಲಿ 10 ನಿಮಿಷ ಇಡಬೇಕು. ಸೀರಮ್‌ನಲ್ಲಿ ಸುಳ್ಳು ಬಣ್ಣ ಬರಿಸುವ, ಇಲ್ಲವೇ ಬಣ್ಣ ತಡೆಯುವ ಪ್ರೋಟೀನುಗಳನ್ನು ಅಡಗಿಸುವುದು, ಹುರಿಯಂತೆ ಹೆಣೆದುಕೊಂಡ ಗ್ಲುಕಾನ್ ಎಳೆಗಳನ್ನು ಬಿಡಿಸುವುದು, ಎರಡೂ ಆ ಹತ್ತು ನಿಮಿಷದಲ್ಲೇ ಆಗಬೇಕು. ಆಮೇಲೆ ಏಡಿರಕ್ತದ ಅಂಶವಿರುವ ರಿಯೇಜೆಂಟ್ 100 ಮೈಕ್ರೊಲೀಟರ್ ಹಾಕಿ, 37 ಡಿಗ್ರಿ ಕಾಯ್ದುಕೊಳ್ಳುವ ರೀಡರ್‌ನಲ್ಲಿ 40 ನಿಮಿಷ ಬಣ್ಣ ಏರುವ ವೇಗವನ್ನು ಓದಿಸಬೇಕು: 405 ನ್ಯಾನೊಮೀಟರ್‌ನಲ್ಲಿ, 490ರದ್ದನ್ನು ಕಳೆದು. ಕೊನೆಗೆ ಒಮ್ಮೆ ಓದಿ ಮುಗಿಸುವ ಸಾಮಾನ್ಯ ಎಲೈಸಾ ರೀಡರ್‌ನಲ್ಲಿ ಇದು ಆಗದು. ಕಿಟ್ ತರಿಸುವ ಮುಂಚೆ ನಿಮ್ಮ ಯಂತ್ರಕ್ಕೆ ಬಿಸಿ ಕಾಯ್ದುಕೊಂಡು ನಿರಂತರವಾಗಿ ಓದುವ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಿ.

ಪ್ರಯೋಗಾಲಯಗಳು ಎಡವುವುದು ಮಾತ್ರ ಈ ಕ್ರಮದಲ್ಲಲ್ಲ, ಸುತ್ತಲಿನ ಗಾಳಿ, ಹತ್ತಿ, ಕಾಗದಗಳಲ್ಲಿ. ಅಳೆಯುತ್ತಿರುವುದು ಪಿಕೊಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು. ಹತ್ತಿಯ ಎಳೆ, ಟಿಶ್ಯೂ ಕಾಗದದ ಪುಡಿ, ಧೂಳಿನಲ್ಲಿ ತೇಲುವ ಬೂಷ್ಟಿನ ಬೀಜಕಣ, ಎಲ್ಲದರಲ್ಲೂ ಗ್ಲುಕಾನ್ ಅಂಟಿಕೊಂಡಿರುತ್ತದೆ. ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧಿ ಮಾಡಿದ ಪಿಪೆಟ್ ಟಿಪ್ ಎಂದರೆ ಶುದ್ಧ ಎಂದುಕೊಳ್ಳುವುದು ಇಲ್ಲಿ ದೊಡ್ಡ ತಪ್ಪು. ಆ ಶಾಖಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ, ಗ್ಲುಕಾನ್ ಜಗ್ಗುವುದಿಲ್ಲ. ಗ್ಲುಕಾನ್ ಇಲ್ಲವೆಂದು ಪ್ರಮಾಣೀಕರಿಸಿದ ಟಿಪ್ ಮತ್ತು ಟ್ಯೂಬನ್ನೇ ಕೊಳ್ಳಬೇಕು, ಪುಡಿಯಿಲ್ಲದ ಕೈಗವಸು ಹಾಕಬೇಕು, ಪ್ಲೇಟನ್ನು ಫ್ಯಾನ್ ಕೆಳಗೆ ತೆರೆದಿಡಬಾರದು. ಒಂದೇ ಮಾದರಿಯ ಎರಡು ವೆಲ್‌ಗಳಲ್ಲಿ ಒಂದು 40, ಇನ್ನೊಂದು 300 ತೋರಿಸಿದರೆ ಅದು ರೋಗವಲ್ಲ, ಧೂಳು. ಸರಾಸರಿ ತೆಗೆದು ವರದಿ ಕೊಡಬೇಡಿ, ಮತ್ತೆ ಮಾಡಿ. ಸೂಜಿ ಎಳೆಯುವಾಗ ರಕ್ತಕಣ ಒಡೆದು ಕೆಂಪಾದ ಸೀರಮ್, ಕಾಮಾಲೆಯ ಹಳದಿ ಸೀರಮ್, ಕೊಬ್ಬಿನಿಂದ ಹಾಲಿನಂತಾದ ಸೀರಮ್, ಮೂರೂ ಬಣ್ಣದ ಓದನ್ನು ಕೆಡಿಸುತ್ತವೆ.

ಫಲಿತಾಂಶ 60 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ನೆಗೆಟಿವ್, 60ರಿಂದ 79 ಅನಿಶ್ಚಿತ, 80 ಮತ್ತು ಮೇಲೆ ಪಾಸಿಟಿವ್. ಇದು ಒಂದು ಮಿಲಿಲೀಟರ್‌ನ ಲೆಕ್ಕ. ಈ ಗೆರೆ ಫಂಗಿಟೆಲ್‌ನದು ಮಾತ್ರ. ಜಪಾನಿನ ವಾಕೊ ಕಿಟ್‌ನ ಗೆರೆ ಬೇರೆ, ಅದರ ಸಂಖ್ಯೆಗಳು ಎಷ್ಟೋ ಚಿಕ್ಕವು. ಎರಡು ಲ್ಯಾಬಿನ ವರದಿಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವ ಮೊದಲು ಕಿಟ್‌ನ ಹೆಸರು ನೋಡಬೇಕು.

ಈಗ ನಂಬಿಕೆಯ ವಿಚಾರ. 2011ರಲ್ಲಿ ಪ್ರಕಟವಾದ, ಎಚ್‌ಐವಿ ಇದ್ದು ಅವಕಾಶವಾದಿ ಸೋಂಕಿಗೆ ತುತ್ತಾದ 252 ಜನರ ಅಧ್ಯಯನದಲ್ಲಿ 173 ಮಂದಿಗೆ ಪಿಸಿಪಿ ಇತ್ತು. 80ರ ಗೆರೆ ಹಿಡಿದಾಗ ಕಾಯಿಲೆ ಇದ್ದವರಲ್ಲಿ ಶೇ 92 ಮಂದಿ ಸಿಕ್ಕಿಬಿದ್ದರು, ಇಲ್ಲದವರಲ್ಲಿ ಶೇ 65 ಮಂದಿಗೆ ಮಾತ್ರ ನೆಗೆಟಿವ್ ಬಂತು. ಪಿಸಿಪಿ ಇದ್ದವರ ಮಧ್ಯಾಂಕ 408, ಇಲ್ಲದವರದು 37. ಇಷ್ಟು ಅಂತರವಿದ್ದರೂ ಪಿಸಿಪಿ ಇಲ್ಲದ ಪ್ರತಿ ಮೂವರಲ್ಲಿ ಒಬ್ಬರು ಗೆರೆ ದಾಟಿದ್ದರು.

ಇದೇ ಅಳತೆಯನ್ನು ಕ್ಷಯವೇ ಹೆಚ್ಚಾಗಿರುವ ನಮ್ಮ ವಾರ್ಡಿಗೆ ಹಾಕಿ ನೋಡೋಣ. ಕೆಮ್ಮುತ್ತಿರುವ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಪಿಸಿಪಿ ಇದೆ ಎಂದಿಟ್ಟುಕೊಳ್ಳಿ. ಅವರಲ್ಲಿ ಸುಮಾರು 18 ಮಂದಿ ಪಾಸಿಟಿವ್, ಇಬ್ಬರು ತಪ್ಪಿಹೋಗುತ್ತಾರೆ. ಉಳಿದ 80ರಲ್ಲಿ 52 ನೆಗೆಟಿವ್, 28 ಸುಮ್ಮನೆ ಪಾಸಿಟಿವ್. ಅಂದರೆ ನೆಗೆಟಿವ್ ಬಂದ 54ರಲ್ಲಿ 52 ಸರಿ, ಪಾಸಿಟಿವ್ ಬಂದ 46ರಲ್ಲಿ 18 ಮಾತ್ರ ಸರಿ. ಈ ಕಿಟ್‌ನ ಶಕ್ತಿ ಇರುವುದು ‘ಇಲ್ಲ’ ಎನ್ನುವುದರಲ್ಲಿ. ಆದರೆ ಎಕ್ಸ್‌ರೇ, ಸಿಡಿ4, ಕುಸಿಯುವ ಆಮ್ಲಜನಕ ಎಲ್ಲವೂ ಪಿಸಿಪಿಯತ್ತಲೇ ಕೈ ತೋರಿಸುತ್ತಿದ್ದರೆ ನೆಗೆಟಿವ್ ವರದಿ ಕಂಡು ಔಷಧ ನಿಲ್ಲಿಸಕೂಡದು. ಆ ತಪ್ಪಿಹೋದ ಇಬ್ಬರು ಅಂಥವರಲ್ಲೇ ಇರುತ್ತಾರೆ.

ಸುಮ್ಮನೆ ಪಾಸಿಟಿವ್ ಬರಲು ಕಾರಣ ಹಲವು. ಹಿಸ್ಟೊಪ್ಲಾಸ್ಮಾ, ಆಸ್ಪರ್ಜಿಲಸ್, ರಕ್ತಕ್ಕೆ ಇಳಿದ ಕ್ಯಾಂಡಿಡಾ ಈ ಶಿಲೀಂಧ್ರಗಳೆಲ್ಲ ಗ್ಲುಕಾನ್ ಬಿಡುತ್ತವೆ. ಆಲ್ಬುಮಿನ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್, ಸೆಲ್ಯುಲೋಸ್ ಪೊರೆಯ ಡಯಾಲಿಸಿಸ್, ಶಸ್ತ್ರಚಿಕಿತ್ಸೆಯ ಗಾಜ್ ಬಟ್ಟೆ ಕೂಡ ಸಂಖ್ಯೆ ಏರಿಸುತ್ತವೆ. ತದ್ವಿರುದ್ಧವಾಗಿ, ಎಚ್‌ಐವಿ ಇರುವವರನ್ನು ಬಹಳ ಕಾಡುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ ಎನ್ನಬೇಕು, ಅದಕ್ಕೆ ಪ್ರತ್ಯೇಕ ಆಂಟಿಜನ್ ಸ್ಟ್ರಿಪ್ ಪರೀಕ್ಷೆ ಇದೆ. ಕ್ಷಯದ ಬ್ಯಾಕ್ಟೀರಿಯಾದಲ್ಲೂ ಈ ಸಕ್ಕರೆ ಇಲ್ಲ. ಆದರೆ ಒಬ್ಬರಲ್ಲೇ ಪಿಸಿಪಿ, ಕ್ಷಯ ಎರಡೂ ಇರುವುದುಂಟು. ಆದ್ದರಿಂದ ಗ್ಲುಕಾನ್ 400 ಬಂತೆಂದು ಕ್ಷಯದ ಪರೀಕ್ಷೆಯನ್ನು ಕೈಬಿಡಬಾರದು.

ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ಎಲ್‌ಡಿಎಚ್ ಕಿಣ್ವದ ಅಗ್ಗದ ಪರೀಕ್ಷೆ ಸಾಲದೇ ಎಂದು ಕೇಳುವವರಿದ್ದಾರೆ. ಪಿಸಿಪಿಯಲ್ಲಿ ಅದು ಏರುತ್ತದೆ, ನಿಜ. ಕ್ಷಯದಲ್ಲೂ ಏರುತ್ತದೆ, ಲಿಂಫೋಮಾದಲ್ಲೂ ಏರುತ್ತದೆ, ಟ್ಯೂಬನ್ನು ಜೋರಾಗಿ ಅಲ್ಲಾಡಿಸಿದರೂ ಏರುತ್ತದೆ. ಉರಿಯೂತದಲ್ಲಿ ರಕ್ತದಲ್ಲಿ ಏರುವ ಪ್ರೋಟೀನಾದ ಸಿಆರ್‌ಪಿಯ ಕೆಲಸವೇ ಬೇರೆ: ಎಚ್‌ಐವಿ ಇರುವವರಲ್ಲಿ ಕ್ಷಯದ ಮೊದಲ ಜರಡಿಯಾಗಿ, ಲೀಟರ್‌ಗೆ 5 ಮಿಲಿಗ್ರಾಂ ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಲು ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಯಾವ ಕಾಯಿಲೆ ಎಂದು ಅದು ಹೇಳಲಾರದು.

ಕೊಳ್ಳುವವರಿಗೆ ಒಂದು ಲೆಕ್ಕ. ಒಂದು ಬಾಟಲಿ ರಿಯೇಜೆಂಟನ್ನು 2.8 ಮಿಲಿಲೀಟರ್ ನೀರು, ಅಷ್ಟೇ ಬಫರ್ ಹಾಕಿ ಕರಗಿಸಿದರೆ 5.6 ಮಿಲಿಲೀಟರ್, ಅಂದರೆ 56 ವೆಲ್. ಹೋಲಿಕೆಗೆಂದು ಇಡುವ ಐದು ಸ್ಟಾಂಡರ್ಡ್ (ಗ್ಲುಕಾನ್ ಎಷ್ಟಿದೆ ಎಂದು ಗೊತ್ತಿರುವ ದ್ರಾವಣ) ಮತ್ತು ಗ್ಲುಕಾನ್ ಇಲ್ಲದ ಒಂದು ನೆಗೆಟಿವ್ ಕಂಟ್ರೋಲ್ ಜೋಡಿಯಾಗಿ 12 ವೆಲ್ ತಿನ್ನುತ್ತವೆ. ಉಳಿದದ್ದರಲ್ಲಿ 22 ಜನರ ಸೀರಮ್ ಹಿಡಿಯುತ್ತದೆ. ಕರಗಿಸಿದ ರಿಯೇಜೆಂಟ್ ಹೆಚ್ಚು ಹೊತ್ತು ಉಳಿಯದು. ವಾರಕ್ಕೆ ಒಬ್ಬಿಬ್ಬರ ಮಾದರಿ ಬರುವ ಕಡೆ ಒಬ್ಬರಿಗಾಗಿ ಬಾಟಲಿ ತೆರೆದರೆ ಹಣ ನೀರುಪಾಲು. ಇಪ್ಪತ್ತೆರಡು ಸೇರಲಿ ಎಂದು ಕಾದರೆ ವರದಿ ಬರುವ ಹೊತ್ತಿಗೆ ಅದರ ಅಗತ್ಯವೇ ಮುಗಿದಿರುತ್ತದೆ. ಅಂಥ ಕಡೆಗೆ ಅದೇ ಕಂಪನಿಯ ಫಂಗಿಟೆಲ್ ಸ್ಟಾಟ್ ಒಳ್ಳೆಯದು. ಒಂದೇ ಸ್ಟಾಂಡರ್ಡ್ ಜೊತೆ ಕೆಲವೇ ಮಾದರಿಗಳನ್ನು ಓಡಿಸಬಹುದು. ಅದು ಪಿಕೊಗ್ರಾಂ ಕೊಡುವುದಿಲ್ಲ, ಸೂಚ್ಯಂಕ ಕೊಡುತ್ತದೆ: 1.2 ಮತ್ತು ಮೇಲೆ ಪಾಸಿಟಿವ್. ದೊಡ್ಡ ಕಿಟ್ ಲಾಭವಾಗುವುದು ಎಚ್‌ಐವಿಗೆ ಔಷಧ ಕೊಡುವ ಹಲವು ಎಆರ್‌ಟಿ ಕೇಂದ್ರಗಳ ಮಾದರಿ ಒಂದೆಡೆ ಸೇರುವ ಪ್ರಯೋಗಾಲಯಕ್ಕೆ.

ವರದಿಗಾಗಿ ಚಿಕಿತ್ಸೆ ಕಾಯಬಾರದು. ಪಿಸಿಪಿಗೆ ಕೊಡುವ ಔಷಧ ಕೋಟ್ರೈಮಾಕ್ಸಜೋಲ್ 21 ದಿನದ್ದು, ಅನುಮಾನ ಬಲವಾಗಿದ್ದರೆ ಅದೇ ದಿನ ಶುರುವಾಗಬೇಕು. ರಕ್ತದ ಆಮ್ಲಜನಕದ ಒತ್ತಡ 70 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಸ್ಟೀರಾಯ್ಡ್ ಕೂಡ 72 ಗಂಟೆಯೊಳಗೆ. ಗ್ಲುಕಾನ್ ನಿಧಾನಕ್ಕೆ ಇಳಿಯುವುದರಿಂದ, ಔಷಧ ಕೊಟ್ಟು ಒಂದೆರಡು ದಿನವಾದ ಮೇಲೆ ತೆಗೆದ ರಕ್ತವೂ ಕೆಲಸಕ್ಕೆ ಬರುತ್ತದೆ. ಅದೇ ಕಾರಣಕ್ಕೆ, ಐದನೇ ದಿನ ಮತ್ತೆ ಪರೀಕ್ಷಿಸಿ ಸಂಖ್ಯೆ ಇಳಿದಿಲ್ಲವೆಂದು ಔಷಧ ಬದಲಿಸುವುದರಲ್ಲಿ ಹುರುಳಿಲ್ಲ. ಮಾದರಿ ಕಳಿಸುವಾಗ ಚೀಟಿಯಲ್ಲಿ ಸಿಡಿ4 ಎಣಿಕೆಯ ಜೊತೆಗೆ ಹಿಂದಿನ ಕೆಲವು ದಿನಗಳಲ್ಲಿ ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ಡಯಾಲಿಸಿಸ್ ಆಗಿದೆಯೇ ಎಂದೂ ಬರೆಯಿರಿ. ಸೀರಮ್ ಬೇರ್ಪಡಿಸಿದ ಟ್ಯೂಬಿನ ಬಾಯಿಗೆ ಹತ್ತಿ ತುರುಕಬೇಡಿ.