ಮಳೆಗಾಲದ ಜೇಬಿಗೆ ಯಾವ ಮಡಚುಚಾಕು? ಮೂರನ್ನ ಬಳಸಿ ನೋಡಿದ್ದು, ನನ್ನ ಓಟು ಫಾರ್ಮರ್‌ಗೆ

ಮೊದ್ಲೇ ಹೇಳ್ಬಿಡ್ತೇನೆ, ನಂಗೆ ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸಿನ ಫಾರ್ಮರ್ ಮಾಡೆಲ್ಲೇ ಸೈ. ಶಿರಸಿ ಕಡೆ ನಮ್ಮ ಅಡಿಕೆ ತೋಟಕ್ಕೆ ಹೋಗುವಾಗ ಈಗ ಜೇಬಲ್ಲಿ ಇರೋದು ಅದೊಂದೇ. ಉಳಿದೆರಡು ಅಂದ್ರೆ ಆನ್‌ಲೈನಲ್ಲಿ ತರಿಸಿದ ಮರದ ಹಿಡಿಯ ಚಾಕು, ಮತ್ತೆ ನಮ್ಮ ಕಡೆ ಆಚಾರಿ ಒಬ್ರು ಲಾರಿ ಪಟ್ಟಿಯಿಂದ ಬಡಿದು ಕೊಟ್ಟದ್ದು. ಮೂರನ್ನೂ ಮಳೆಗಾಲ, ಬೇಸಿಗೆ ಎರಡರಲ್ಲೂ ಇಟ್ಕೊಂಡು ತಿರುಗಿದ ಮೇಲೇ ಇದನ್ನ ಬರೀತಾ ಇದ್ದೇನೆ. ಉದ್ದ ಎಷ್ಟು ತೂಕ ಎಷ್ಟು ಅಂತೆಲ್ಲ ಬರೆಯೋದಿಲ್ಲ, ಅದು ಎಲ್ಲಾ ಕಡೆ ಸಿಗ್ತದೆ. ನನ್ನ ಕೆಲಸ ಇಷ್ಟೇ: ಕವಳಕ್ಕೆ ಅಡಿಕೆ ಹೋಳು ಮಾಡೋದು, ಬಾಳೆ ಎಲೆ ಕೊಯ್ಯೋದು, ಮೆಣಸಿನ ಬಳ್ಳಿ ಕತ್ತರಿಸಿ ನೆಡೋದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋದು, ಪೈಪಿನ ರಿಪೇರಿ.

ಮರದ ಹಿಡಿಯದ್ದು ಒಪಿನೆಲ್ ನಮೂನೆಯದ್ದು, ಆದ್ರೆ ಒಪಿನೆಲ್ ಅಲ್ಲ, ಬೇರೆ ಕಂಪನಿ ಮಾಡಿದ್ದು, ಹೆಸರು ಬೇಡ. ಒಪಿನೆಲ್ ಗೊತ್ತಿಲ್ಲದವರಿಗೆ: ಫ್ರಾನ್ಸಿನ ಸವೋಯ್ ಅನ್ನೋ ಗುಡ್ಡಗಾಡಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಶುರು ಮಾಡಿದ ರೈತರ ಚಾಕು ಅದು, ಒಂದೇ ತುಂಡು ಮರದ ಹಿಡಿಗೆ ಸೀಳು ಹಾಕಿ ಅದರೊಳಗೆ ಅಲಗು ಕೂರಿಸೋದು, ಅಲಗು ಅಲ್ಲಾಡದ ಹಾಗೆ ಬುಡದಲ್ಲಿ ತಿರುಗೋ ಬಳೆ, ಆ ಬಳೆ ಬಂದದ್ದು 1955ರಲ್ಲಿ. ನೋಡೋಕೆ ಬಹಳ ಚಂದ, ಕೈಗೂ ಹಗುರ. ನಾನು ತಂದದ್ದೂ ಬೇಸಿಗೆಯಲ್ಲಿ ಭಾರಿ ಚಲೋ ಕೆಲಸ ಮಾಡ್ತು.

ತಾಪತ್ರಯ ಶುರುವಾದದ್ದು ಜೂನಲ್ಲಿ. ನಮ್ಮ ಮಳೆ ಅಂದ್ರೆ ಬಂದು ಹೋಗೋ ಮಳೆ ಅಲ್ಲ, ವಾರಗಟ್ಟಲೆ ಬಟ್ಟೆ ಒಣಗೋದಿಲ್ಲ, ಚರ್ಮದ ಬೆಲ್ಟಿಗೂ ಬೂಷ್ಟು ಹಿಡೀತದೆ. ಮರ ನೀರು ಕುಡಿದು ಉಬ್ಬಿತು, ಸೀಳಿನ ಎರಡೂ ಬದಿ ಅಲಗಿನ ಬುಡವನ್ನ ಒತ್ತಿ ಹಿಡೀತು, ಉಗುರು ಹಾಕಿ ಎಳೆದ್ರೆ ಚಾಕು ಜಪ್ಪಯ್ಯ ಅಂದ್ರೂ ಬಿಚ್ಚೋದಿಲ್ಲ. ಒಂದು ಕೈಲಿ ಮೆಣಸಿನ ಬಳ್ಳಿ ಹಿಡ್ಕೊಂಡು, ತಲೆ ಮೇಲೆ ಕೊಪ್ಪೆ, ಕೈ ತುಂಬ ಕೆಸರು, ಆವಾಗ ಹಲ್ಲಲ್ಲಿ ಕಚ್ಚಿ ಎಳೆಯೋದಾ? ಬಿಚ್ಚಿದ ಮೇಲಾದ್ರೂ ಸುಖ ಉಂಟಾ ಅಂದ್ರೆ ಅದೂ ಇಲ್ಲ, ಬಳೆ ತಿರುಗೋದಿಲ್ಲ, ಲಾಕ್ ಆಗದ ಅಲಗು ಅರ್ಧಕ್ಕೇ ಬಿಗಿದು ನಿಲ್ತದೆ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಸವೋಯ್ ಕಡೆಯವರಿಗೂ ಮರ ಉಬ್ಬೋದು ಹೊಸತಲ್ಲ, ಅವರು ಹಿಡಿಯ ಹಿಂದಿನ ತುದಿಯನ್ನ ಗಟ್ಟಿ ಜಾಗಕ್ಕೆ ಕುಟ್ತಾರೆ, ಆ ಪೆಟ್ಟಿಗೆ ಅಲಗು ಸ್ವಲ್ಪ ಹೊರಗೆ ಬರ್ತದೆ. ಮನೇಲಿ ಮೆಟ್ಟಿಲ ಕಲ್ಲಿಗೆ ಕುಟ್ಟಿದ್ರೆ ಬರ್ತದೆ, ನಿಜ, ಆದ್ರೆ ಆಷಾಢದ ತೋಟದಲ್ಲಿ ಎಲ್ಲಿ ಕುಟ್ಟೋದು, ಕಾಲಡಿ ಇರೋದೆಲ್ಲ ಕೆಸರು. ಪಾಲಿಶ್ ಪೇಪರ್ ಮಡಚಿ ಸೀಳಿನ ಒಳಗೆ ಉಜ್ಜಿ ಸಡಿಲ ಮಾಡಬಹುದು, ಮಾಡಿದೆ, ಮಳೆಗಾಲ ಹೇಗೋ ಕಳೀತು, ಮಾರ್ಚಲ್ಲಿ ಮರ ಒಣಗಿದ ಕೂಡ್ಲೇ ಅಲಗು ಲಟಲಟ ಅಲ್ಲಾಡೋಕೆ ಶುರು. ಅಗಸೆ ಎಣ್ಣೆ ಕುಡಿಸಿದ್ರೆ ಅದು ಮರದೊಳಗೆ ಗಟ್ಟಿಯಾಗಿ ನೀರನ್ನ ಸ್ವಲ್ಪ ತಡೀತದೆ, ತೆಂಗಿನೆಣ್ಣೆ ಹಾಗೆ ಗಟ್ಟಿಯಾಗೋದಿಲ್ಲ. ಅಗಸೆ ಎಣ್ಣೆಯಿಂದ ಉಬ್ಬೋದು ಕಮ್ಮಿ ಆಯ್ತು, ನಿಲ್ಲಲಿಲ್ಲ. ಒಣ ಊರಿನವರು ಧಾರಾಳ ತಗೊಳ್ಳಿ, ಘಟ್ಟದ ಮೇಲೂ ಕೆಳಗೂ ನಮ್ಮ ಜಿಲ್ಲೆಯವರಿಗೆ ಮಾತ್ರ ನಾನು ಹೇಳೋದಿಲ್ಲ.

ಆಚಾರಿ ಚಾಕುವಿನ ಧಾರೆಗೆ ಸಮ ಇಲ್ಲ, ಅದನ್ನ ಒಪ್ಪಲೇಬೇಕು. ಹದ ಚಲೋ ಕೂತಿದೆ, ಮಸೆಗಲ್ಲಿಗೆ ಹತ್ತು ಸಲ ಎಳೆದ್ರೆ ಸಾಕು. ಆದ್ರೆ ಕಾರ್ಬನ್ ಸ್ಟೀಲು, ರಾತ್ರಿ ಒರೆಸದೇ ಇಟ್ರೆ ಬೆಳಿಗ್ಗೆ ಕೆಂಪು ತುಕ್ಕು. ಹಸಿ ಅಡಿಕೆ ಕೊಯ್ದ್ರೆ ಅಲಗು ಕಣ್ಣೆದುರೇ ನೀಲಿಗಪ್ಪು ಆಗ್ತದೆ, ಅಡಿಕೆಯ ಚೊಗರಲ್ಲಿರೋ ಟ್ಯಾನಿನ್ ಕಬ್ಬಿಣಕ್ಕೆ ಕೂಡಿದ್ರೆ ಹಾಗೇ, ಹಳೇ ಕಾಲದಲ್ಲಿ ಬರೆಯೋ ಶಾಯಿ ಮಾಡ್ತಿದ್ದದ್ದೂ ಇದರಿಂದಲೇ. ಆ ಕಪ್ಪು ಹೋಳಿಗೂ ಹತ್ತುತ್ತದೆ, ಕವಳದಲ್ಲಿ ಕಬ್ಬಿಣದ ರುಚಿ ಬರ್ತದೆ. ಸ್ಪ್ರಿಂಗ್ ಇಲ್ಲ, ಜೇಬಲ್ಲಿ ತಾನೇ ಬಿಚ್ಚಿಕೊಳ್ಳೋ ಭಯ ಬೇರೆ.

ಫಾರ್ಮರ್ ವಿಷಯಕ್ಕೆ ಬಂದ್ರೆ ಹಿಡಿ ಅಲ್ಯೂಮಿನಿಯಮ್ಮು, ಮೇಲೆ ಚೌಕಳಿ ಚೌಕಳಿ ಉಬ್ಬು, ಒದ್ದೆ ಕೈಲೂ ಜಾರೋದಿಲ್ಲ, ಉಬ್ಬೋ ಪ್ರಶ್ನೆಯೇ ಇಲ್ಲ. ಅಲಗು ಸ್ಟೇನ್‌ಲೆಸ್ಸು. ಧಾರೆ ಆಚಾರಿದರಷ್ಟು ದಿನ ನಿಲ್ಲೋದಿಲ್ಲ, ಆದ್ರೆ ಚಾ ಕಪ್ಪು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ಎಳೆದ್ರೂ ಮತ್ತೆ ಬರ್ತದೆ. ದಬ್ಬಳದಂಥ ಮೊನೆ ಒಂದಿದೆ ನೋಡಿ, ಅದಕ್ಕೇ ನಾನು ಸೋತದ್ದು, ಡ್ರಿಪ್ ಪೈಪಿಗೆ ತೂತು ಹಾಕೋಕೆ ಅದನ್ನ ಬಿಟ್ರೆ ಬೇರೆ ಬೇಡ. ಗರಗಸ ಸಣ್ಣದು, ಆದ್ರೆ ಬೆರಳು ದಪ್ಪದ ಟೊಂಗೆಗೆ ಅಡ್ಡಿಲ್ಲ. ಬಾಟ್ಲಿ ಓಪನರ್ ತುದಿ ಸ್ಕ್ರೂಡ್ರೈವರ್ ಆಗ್ತದೆ, ಪಂಪಿನ ಸ್ಟಾರ್ಟರ್ ಮುಚ್ಚಳಕ್ಕೆ ಸಾಕು.

ಒಂದು ಜಾಗ್ರತೆ: ಇದಕ್ಕೆ ಲಾಕ್ ಇಲ್ಲ, ಬೆನ್ನ ಸ್ಪ್ರಿಂಗ್ ಮಾತ್ರ, ಎಳನೀರು ಚುಚ್ಚೋ ಹಾಗೆ ತುದಿಯಿಂದ ಒತ್ತಿದ್ರೆ ಬೆರಳ ಮೇಲೆ ಮಡಚಿಕೊಳ್ತದೆ. ಹುಬ್ಬಳ್ಳಿಯಿಂದ ವಿಮಾನ ಹತ್ತೋವ್ರು ಯಾವ ಚಾಕುವನ್ನೂ ಕೈಚೀಲದಲ್ಲಿ ಇಡ್ಬೇಡಿ.

ರೇಟು? ನಂಗೆ ನಾಲ್ಕು ಸಾವಿರದ ಹತ್ತಿರ ಬಿತ್ತು, ಅಡಿಕೆ ಕೊಟ್ಟ ವರ್ಷ ತಗೊಂಡೆ. ಅಷ್ಟು ಕೊಡೋಕೆ ಆಗೋದಿಲ್ಲ ಅಂದ್ರೆ ಆಚಾರಿ ಹತ್ರ ಹೋಗಿ, ಮುನ್ನೂರು ರೂಪಾಯಿಗೆ ಮೋಸ ಇಲ್ಲ, ದಿನಾ ಒರೆಸಿ ಎಣ್ಣೆ ಹಚ್ಚೋ ಅಭ್ಯಾಸ ಇದ್ರೆ ಆಯ್ತು. ಕಾರವಾರ, ಅಂಕೋಲಾದಂಥ ಉಪ್ಪು ಗಾಳಿಯ ಊರಲ್ಲಿ ಮಾತ್ರ ಆ ಅಭ್ಯಾಸವೂ ಸಾಕಾಗೋದು ಕಷ್ಟ, ಅಲ್ಲಿಯವರು ಸ್ಟೇನ್‌ಲೆಸ್ಸೇ ನೋಡಿ.

ನನ್ನ ಆಚಾರಿ ಚಾಕು ಈಗ ಔಷಧಿ ಡ್ರಮ್ಮಿನ ಪಕ್ಕ ಮೊಳೆಗೆ ನೇತಾಡ್ತದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ನೂರು ಲೀಟರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆಜಿ, ಸುಣ್ಣ ಒಂದು ಕೆಜಿ ಕಲಸಿ, ಅಲಗನ್ನ ಉಜ್ಜಿ ಹೊಳಪು ಮಾಡಿ ಸ್ವಲ್ಪ ಹೊತ್ತು ಅದ್ದಿ ತೆಗೀತೇನೆ, ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಕಮ್ಮಿ ಆಗಿದೆ ಅಂತ ಅರ್ಥ, ಇನ್ನೊಂಚೂರು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದೋದು. ಈ ಪರೀಕ್ಷೆಗೆ ಸ್ಟೇನ್‌ಲೆಸ್ ನಂಬಬೇಡಿ, ಕಬ್ಬಿಣದ ಅಲಗೇ ಬೇಕು.