ಸೀಲ್ ಒಡೆದಿರಲಿಲ್ಲ, ಕೀ ಮಾತ್ರ ಮೊದಲೇ ಬಳಕೆಯಾಗಿತ್ತು

ಹಾಸನದಲ್ಲಿ ಯಾರಾದರೂ ಕಂಪ್ಯೂಟರ್ ಗೇಮ್‌ನ ಬಾಕ್ಸ್ ಕೊಳ್ಳೋಕೆ ಹೊರಟಿದ್ದರೆ ಐದು ನಿಮಿಷ ನಿಂತು ಇದನ್ನು ಓದಿ. ನಮ್ಮ 2,200 ರೂಪಾಯಿ ಹೋಯಿತು. ನಿಮ್ಮದಾದರೂ ಉಳಿಯಲಿ.

ನನ್ನ ಅಕ್ಕನ ಮನೆ ಸಕಲೇಶಪುರ ದಾಟಿ ಹೆತ್ತೂರು ಕಡೆ. ಸುತ್ತ ಕಾಫಿ ತೋಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಮಲಗುತ್ತದೆ. ಮನೆಯ ನೆಟ್ ಅಂದರೆ ದಿನಕ್ಕೆ 2 ಜಿಬಿ ಪ್ಯಾಕ್, ಅದೂ ಅಂಗಳದ ಮೂಲೆಗೆ ಹೋಗಿ ನಿಂತರೆ. ಅಕ್ಕನ ಮಗ ಪಿಯುಸಿ ಮುಗಿಸಿ ರಜೆಯಲ್ಲಿದ್ದ. ತೋಟದಲ್ಲಿ ಕೆಲಸದವರ ಲೆಕ್ಕ ಬರೆದು ಒಂದಿಷ್ಟು ದುಡ್ಡು ಕೂಡಿಟ್ಟಿದ್ದ. ಅವನಿಗೆ ಒಂದು ಯುದ್ಧದ ಗೇಮ್ ಬೇಕಿತ್ತು. "ಮಾವ, ನಮ್ಮೂರಲ್ಲಿ ಡೌನ್‌ಲೋಡ್ ಆಗಲ್ಲ, ಡಿಸ್ಕೇ ತಗೊಂಡುಬಿಡೋಣ" ಅಂದ. ನನಗೂ ಸರಿ ಅನ್ನಿಸಿತು. ನಾನು ಕಾಲೇಜಲ್ಲಿದ್ದಾಗ ಡಿಸ್ಕ್ ಹಾಕಿದರೆ ಆಟ ಶುರು, ಅಷ್ಟೇ. ನೆಟ್ ಯಾರಿಗೆ ಬೇಕಿತ್ತು?

ಹಾಸನದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಹೆಸರು ಬೇಡ. ಕೀಬೋರ್ಡ್‌ಗಳ ಹಿಂದೆ ಗಾಜಿನ ಕಪಾಟಿನಲ್ಲಿ ಏಳೆಂಟು ಗೇಮ್ ಬಾಕ್ಸ್ ಇದ್ದವು, ಮೇಲೆ ಧೂಳು. ನಮಗೆ ಬೇಕಾದ್ದೂ ಇತ್ತು. ಪ್ಲಾಸ್ಟಿಕ್ ಸೀಲ್ ಹಾಗೇ ಇತ್ತು. "ಬಿಲ್ ಬೇಕಾ ಸರ್? ಬಿಲ್ ಆದ್ರೆ ಜಿಎಸ್‌ಟಿ ಸೇರುತ್ತೆ" ಅಂದರು. ನಾನು ಜಾಣನ ಹಾಗೆ "ಬೇಡ ಬಿಡಿ" ಅಂದೆ. ಒಂದು ಚೀಟಿಯಲ್ಲಿ 2,200 ಅಂತ ಬರೆದುಕೊಟ್ಟರು. ಅದರಲ್ಲಿ ಅಂಗಡಿಯ ಹೆಸರೂ ಇರಲಿಲ್ಲ.

ಆಚೆ ಬಂದ ಮೇಲೆ ಹುಡುಗನಿಗೆ ನೆನಪಾಯಿತು, ಅವನ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕೋ ಜಾಗವೇ ಇಲ್ಲ. ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಮತ್ತೆ ಒಳಗೆ ಹೋಗಿ, ಯುಎಸ್‌ಬಿಗೆ ಹಾಕುವ ಡಿವಿಡಿ ಡ್ರೈವ್ ಕೊಂಡೆವು. ಅದಕ್ಕೆ 1,400. ಅಂಗಡಿಯವರ ಮುಖ ಅರಳಿತ್ತು ಅಂತ ಬೇರೆ ಹೇಳಬೇಕಾ?

ಅಕ್ಕನ ಮನೆಗೆ ಹೋಗಿ, ಊಟಕ್ಕೂ ಕೂರದೆ ಬಾಕ್ಸ್ ಬಿಚ್ಚಿದ. ಒಳಗೆ ಎರಡು ಡಿವಿಡಿ, ಜೊತೆಗೆ ಕೀ, ಅಂದರೆ ಆಟ ತೆರೆಯೋಕೆ ಹಾಕಬೇಕಾದ ಕೋಡ್, ಬರೆದಿದ್ದ ಒಂದು ಕಾಗದ. ಆಗ ನಾನು ಬಾಕ್ಸ್‌ನ ಹಿಂಭಾಗ ಓದಿದೆ. ಅಂಗಡಿಯಲ್ಲೇ ಓದಬೇಕಿತ್ತು. ಹಾರ್ಡ್ ಡಿಸ್ಕ್‌ನಲ್ಲಿ 95 ಜಿಬಿ ಜಾಗ ಬೇಕು ಅಂತ ಸಣ್ಣ ಅಕ್ಷರದಲ್ಲಿತ್ತು. ಲೆಕ್ಕ ನೋಡಿ. ಮಾಮೂಲಿ ಡಿವಿಡಿ ಹಿಡಿಯೋದು 4.7 ಜಿಬಿ. ಎರಡು ಪದರದ್ದಾದರೆ 8.5. ಎರಡು ಡಿಸ್ಕ್ ಸೇರಿದರೂ 17 ಜಿಬಿ ದಾಟಲ್ಲ. ಉಳಿದದ್ದು ಎಲ್ಲಿಂದ ಬರಬೇಕು? ನೆಟ್‌ನಿಂದಲೇ. ದಿನಕ್ಕೆ 2 ಜಿಬಿಯಂತೆ ಒಂದು ತಿಂಗಳು ದಾಟುತ್ತದೆ. ಡಿಸ್ಕ್ ಕೊಂಡಿದ್ದೇ ನೆಟ್ ಬೇಡ ಅಂತ, ಅಲ್ವಾ?

ಆದರೆ ಅಲ್ಲಿಯವರೆಗೂ ಹೋಗಲೇ ಇಲ್ಲ. ಡಿಸ್ಕ್ ಹಾಕಿದಾಗ ಮೊದಲು ಕೇಳಿದ್ದು ಆನ್‌ಲೈನ್ ಅಕೌಂಟ್. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಅಕೌಂಟ್ ಮಾಡಿದ. ಆಮೇಲೆ ಕೀ ಕೇಳಿತು. ಹಾಕಿದ. ಈ ಕೀ ಈಗಾಗಲೇ ಬೇರೆ ಅಕೌಂಟ್‌ನಲ್ಲಿ ಬಳಕೆಯಾಗಿದೆ ಅಂತ ಬಂತು. ಸೊನ್ನೆಯೋ ಓ ಅಕ್ಷರವೋ ಅಂತ ಬದಲಾಯಿಸಿ ಬದಲಾಯಿಸಿ ಹಾಕಿದ. ಅದೇ ಉತ್ತರ. ಅಕ್ಕ ಬಾಗಿಲಲ್ಲಿ ನಿಂತು "ಏನಾಯ್ತೋ?" ಅಂದಳು. ಅವನು ಮಾತೇ ಆಡಲಿಲ್ಲ.

ಇಲ್ಲೇ ನನಗೆ ವಿಷಯ ಹೊಳೆದದ್ದು. ನಾವು ಕೊಂಡದ್ದು ಡಿಸ್ಕ್ ಅಲ್ಲ, ಆ ಕಾಗದದ ಮೇಲಿನ ಕೀ. ಕೀ ಒಂದು ಸಲ ಒಂದು ಅಕೌಂಟ್‌ಗೆ ಅಂಟಿಕೊಂಡರೆ ಮುಗಿಯಿತು. ಬಾಕ್ಸ್ ಎಷ್ಟೇ ಹೊಸದಾಗಿದ್ದರೂ ಅದು ಬರೀ ರಟ್ಟು. ಪ್ಲಾಸ್ಟಿಕ್ ಸೀಲ್ ಏನೂ ದೊಡ್ಡ ವಿದ್ಯೆಯಲ್ಲ. ಹಾಳೆ ಸುತ್ತಿ ಬಿಸಿಗಾಳಿ ಹಿಡಿದರೆ ಯಾರು ಬೇಕಾದರೂ ಮತ್ತೆ ಹಾಕಬಹುದು. ನಮ್ಮ ಅಂಗಡಿಯವರೇ ಹಾಗೆ ಮಾಡಿದರು ಅಂತ ನಾನು ಹೇಳಲ್ಲ. ಅವರಿಗೆ ಯಾರೋ ಹಾಗೆ ಮಾರಿರಲೂಬಹುದು.

ಮಾರನೇ ದಿನ ಮತ್ತೆ ಹಾಸನಕ್ಕೆ ಬಂದೆವು. "ಸೀಲ್ ಒಡೆದ ಮೇಲೆ ವಾಪಸ್ ಇಲ್ಲ ಸರ್." ಸೀಲ್ ಒಡೆಯದೆ ಕೀ ನೋಡೋದು ಹೇಗೆ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಗೇಮ್ ಕಂಪನಿಗೆ ಬರೆದರೆ, ಮಾರಿದವರನ್ನೇ ಕೇಳಿ ಅಂದರು. ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ದೂರಿಗೆ ಆಧಾರ ಏನು? ನನ್ನ ಹತ್ತಿರ ಇದ್ದದ್ದು ಆ ಚೀಟಿ. ಜಿಎಸ್‌ಟಿ ಉಳಿಸಿದ ಜಾಣತನ ಅಲ್ಲಿಗೆ ಬಂದು ನಿಂತಿತು.

ಆಮೇಲೆ ಕೂತು ಓದಿದೆ. ಕೊಳ್ಳೋ ಮುಂಚೆ ಓದಬೇಕಾದ್ದನ್ನು ನಾವು ಯಾವಾಗಲೂ ಕೊಂಡ ಮೇಲೇ ಓದೋದು. ಬಾಕ್ಸ್ ಅಂದರೆ ಆಟ ಒಳಗಿದೆ ಅನ್ನೋ ಕಾಲ ಯಾವಾಗಲೋ ಹೋಗಿದೆ. 2004ರ ಹಾಫ್-ಲೈಫ್ 2 ಡಿಸ್ಕ್‌ನಲ್ಲಿ ಬಂದರೂ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಅಕೌಂಟ್ ಬೇಕೇ ಬೇಕಿತ್ತು. 2015ರಲ್ಲಿ ಜಿಟಿಎ 5 ಕಂಪ್ಯೂಟರ್‌ಗೆ ಬಂದಾಗ ಬಾಕ್ಸ್‌ನಲ್ಲಿ 7 ಡಿವಿಡಿಯಾದರೂ ಇದ್ದವು. ಆದರೆ ಅದೇ ವರ್ಷದ ಮೆಟಲ್ ಗೇರ್ ಸಾಲಿಡ್ 5ರ ಡಿಸ್ಕ್‌ನಲ್ಲಿ ಇದ್ದದ್ದು ಸ್ಟೀಮ್ ಹಾಕಿಕೊಳ್ಳುವ ಕೆಲವೇ ಎಂಬಿ ಫೈಲ್. ಆಟವೆಲ್ಲ ಡೌನ್‌ಲೋಡ್. ಕೆಲವು ಬಾಕ್ಸ್‌ಗಳಲ್ಲಂತೂ ಡಿಸ್ಕೇ ಇರಲ್ಲ, ಕೋಡ್ ಇರೋ ಚೀಟಿ ಮಾತ್ರ.

ಹಳೇ ಡಿಸ್ಕ್ ಜೋಪಾನ ಮಾಡಿದ್ದೀನಿ, ನನಗೇನು ಅನ್ನುವವರೂ ಇದ್ದಾರೆ. ನನ್ನ ಹತ್ತಿರವೂ ಇವೆ. ಸೇಫ್‌ಡಿಸ್ಕ್ ಅನ್ನೋ ನಕಲು ತಡೆ ಇದ್ದ ಆ ಕಾಲದ ಆಟಗಳು ವಿಂಡೋಸ್ 10ರಲ್ಲಿ ಹಾಗೇ ಓಡಲ್ಲ. ಡಿಸ್ಕ್‌ಗೆ ಒಂದು ಗೀರೂ ಇಲ್ಲ, ಆಟ ಮಾತ್ರ ತೆರೆಯಲ್ಲ.

ಹಾಗಂತ ಡೌನ್‌ಲೋಡ್ ಕೊಂಡವರು ಗೆದ್ದರು ಅಂತಲ್ಲ. ಅಲ್ಲಿ ನಮಗೆ ಸಿಗೋದು ಆಡುವ ಲೈಸೆನ್ಸ್ ಅಷ್ಟೇ. ಯೂಬಿಸಾಫ್ಟ್‌ನ ದಿ ಕ್ರೂ ಅನ್ನೋ ಕಾರ್ ಗೇಮ್ ನಡೆಯುತ್ತಿದ್ದ ಕಂಪನಿಯ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಡೌನ್‌ಲೋಡ್ ಮಾಡಿದವರಿಗೂ ಹೋಯಿತು, ಡಿಸ್ಕ್ ಇಟ್ಟುಕೊಂಡವರಿಗೂ ಹೋಯಿತು. ಆದರೂ ನಮ್ಮಂಥವರಿಗೆ ಒಂದು ವ್ಯತ್ಯಾಸ ಇದೆ. ಸ್ಟೀಮ್‌ನಲ್ಲೇ ಕೊಂಡ ಆಟವನ್ನು 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಹೊರಗೆ ಬೇರೆಯವರ ಹತ್ತಿರ ಕೊಂಡ ಕೀಗೆ ಇದು ಇಲ್ಲ. ಟೆಲಿಗ್ರಾಂನಲ್ಲಿ 300 ರೂಪಾಯಿಗೆ ಕೀ ಸಿಗುತ್ತೆ ಅಂತ ನಮ್ಮ ಹುಡುಗ ಹೊರಟಿದ್ದ. ಒಂದು ಸಲ ಸುಟ್ಟುಕೊಂಡದ್ದು ಸಾಲದಾ ಅಂತ ನಿಲ್ಲಿಸಿದೆ.

ನೆಟ್ ಇಲ್ಲದ ಊರಿನವರಿಗೆ ನಾವು ಕಂಡುಕೊಂಡ ದಾರಿ ಇಷ್ಟು. ಹಾಸನದ ನನ್ನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ. ಅವನು ಶನಿವಾರ ಸಂಜೆ ಲ್ಯಾಪ್‌ಟಾಪ್ ತರುತ್ತಾನೆ. 20 ಎಂಬಿಪಿಎಸ್ ವೇಗದಲ್ಲಿ 95 ಜಿಬಿ ಬರೋಕೆ ಹತ್ತೂವರೆ ಗಂಟೆ, ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಆಗಿರುತ್ತದೆ. ಇಲ್ಲೇ ಒಂದು ಸಲ ಆಟ ತೆರೆದು ನೋಡಿ, ಆಮೇಲೆ ಸ್ಟೀಮ್ ಆಫ್‌ಲೈನ್ ಮಾಡಿಕೊಂಡು ಭಾನುವಾರ ಬಸ್ ಹತ್ತುತ್ತಾನೆ. ಒಬ್ಬರೇ ಆಡುವ ಆಟಕ್ಕೆ ಮಾತ್ರ ಇದು ಆಗುತ್ತದೆ, ಸದಾ ನೆಟ್ ಕೇಳೋ ಆಟಕ್ಕಲ್ಲ. ಗಾಗ್ (GOG) ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಇನ್ನೂ ಸಲೀಸು. ಅಲ್ಲಿ ಪೂರ್ತಿ ಇನ್‌ಸ್ಟಾಲರ್ ಫೈಲನ್ನೇ ಹಾರ್ಡ್ ಡಿಸ್ಕ್‌ಗೆ ತುಂಬಿಕೊಳ್ಳಬಹುದು, ಆಮೇಲೆ ಹಾಕಿಕೊಳ್ಳೋಕೆ ನೆಟ್ ಬೇಡ.

1,400ರ ಡಿವಿಡಿ ಡ್ರೈವ್ ದಂಡವಾಗಲಿಲ್ಲ. ಅಕ್ಕನ ಮದುವೆಯ ಮೂರು ಸಿ.ಡಿ. ಬೀರುವಿನಲ್ಲಿ ಹಳೇ ಸೀರೆಗಳ ಕೆಳಗಿದ್ದವು. ಪ್ಲೇಯರ್ ಕೆಟ್ಟು ಹತ್ತು ವರ್ಷವಾಗಿತ್ತು. ಅದರಲ್ಲಿ ಎರಡು ಓಡಿದವು. ನನಗೆ ಆಗ ಮೀಸೆ ಇತ್ತು ಅಂತ ಹುಡುಗನಿಗೆ ಗೊತ್ತಾಗಿ, ಗೇಮ್ ಹೋದ ಬೇಜಾರು ಅವತ್ತಿನ ಮಟ್ಟಿಗೆ ಮರೆತುಹೋಯಿತು.